ಕೇಬಲ್ ಕಿತ್ತೆ, ಫ್ಯಾನ್ ಸುಮ್ಮನಾಯಿತು

ಒಂದು ಪ್ರೋಗ್ರಾಮೂ ತೆರೆದಿಲ್ಲ. ಆದರೂ ಕಂಪ್ಯೂಟರಿನ ಫ್ಯಾನ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು 'ಸಿಸ್ಟಮ್ ಇಂಟರಪ್ಟ್ಸ್', ಶೇ 12ರ ಆಸುಪಾಸು. ಸುಮ್ನೆ ಇರುವ ಕಂಪ್ಯೂಟರಿನಲ್ಲಿ ಇದು ಸಾಮಾನ್ಯವಾಗಿ ಶೇ 1–2 ದಾಟುವುದಿಲ್ಲ.

ಬರೀ 12 ತಾನೇ ಅನ್ನಿಸುತ್ತದೆ, ಅಲ್ವಾ? ನನ್ನ ಪ್ರೊಸೆಸರ್‌ಗೆ 8 ಕೋರ್, ಅಂದರೆ ಬೇರೆ ಬೇರೆಯಾಗಿ ಕೆಲಸ ಮಾಡಬಲ್ಲ 8 ಭಾಗ. 100ನ್ನು 8ರಿಂದ ಭಾಗಿಸಿದರೆ 12.5. ಅಂದರೆ ಒಂದು ಕೋರ್ ಪೂರ್ತಿ ಇದಕ್ಕೇ ದುಡಿಯುತ್ತಿದೆ! ಕೋರ್‌ಗಳ ಗ್ರಾಫ್ ಬೇರೆ ಬೇರೆ ಮಾಡಿ ನೋಡಿದಾಗ ಹಾಗೇ ಇತ್ತು. ಏಳು ಖಾಲಿ, ಒಂದು ತುಂಬಿ ನಿಂತಿತ್ತು.

ಇದು ಪ್ರೋಗ್ರಾಮ್ ಅಲ್ಲ, ಹಾಗಾಗಿ ನಿಲ್ಲಿಸಲು ಬರುವುದಿಲ್ಲ. ಕೀಬೋರ್ಡ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲವೂ 'ಇಲ್ಲಿ ನೋಡು' ಎಂದು ಪ್ರೊಸೆಸರನ್ನು ಕರೆಯುತ್ತಿರುತ್ತವೆ. ಆ ಕರೆಗಳಿಗೆ ಓಗೊಡಲು ಹೋದ ಸಮಯದ ಲೆಕ್ಕವೇ ಇದು. ಯಾರು ಜಾಸ್ತಿ ಕರೆಯುತ್ತಿದ್ದಾರೆ ಅಂತ ಟಾಸ್ಕ್ ಮ್ಯಾನೇಜರ್ ಹೇಳುವುದಿಲ್ಲ.

ಒಂದೊಂದಾಗಿ ಕಿತ್ತು ನೋಡಿದೆ. ಹೆಡ್‌ಸೆಟ್, ವೆಬ್‌ಕ್ಯಾಮ್, ಪ್ರಿಂಟರ್... ಏನೂ ಬದಲಾಗಲಿಲ್ಲ. ಕೊನೆಗೆ ಲ್ಯಾನ್ ಕೇಬಲ್. ಕ್ಲಿಪ್ ಒತ್ತಿ ಎಳೆದೆ, ಕಣ್ಣು ಪರದೆಯ ಮೇಲೇ. 12 ಇದ್ದದ್ದು 4 ಆಯಿತು, ಆಮೇಲೆ 0.1. ಮತ್ತೆ ಸಿಕ್ಕಿಸಿದೆ, ಎರಡೇ ಸೆಕೆಂಡಿನಲ್ಲಿ 12.

ಯಾವ ಡ್ರೈವರ್ (ಯಂತ್ರಭಾಗವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಹೆಚ್ಚು ಸಮಯ ತಿನ್ನುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಎಂಬ ಪ್ರೋಗ್ರಾಮ್ ಓಡಿಸಿದಾಗ ಮೊದಲ ಸಾಲಿನಲ್ಲಿ ಎನ್‌ಡಿಐಎಸ್ ಫೈಲ್ ಕಂಡಿತು. ಅದನ್ನು ದೂರಬೇಡಿ. ಅದು ವಿಂಡೋಸ್‌ನ ನೆಟ್‌ವರ್ಕ್ ಡ್ರೈವರ್‌ಗಳೆಲ್ಲ ಬಳಸುವ ಭಾಗ, ತಪ್ಪು ಹೆಚ್ಚಾಗಿ ಅದರ ಕೆಳಗಿನ ಕಾರ್ಡಿನ ಡ್ರೈವರ್‌ನಲ್ಲಿರುತ್ತದೆ. ಕಾರ್ಡಿನ ಸೆಟ್ಟಿಂಗ್‌ಗಳಲ್ಲಿ 'ಇಂಟರಪ್ಟ್ ಮಾಡರೇಷನ್' ಆನ್ ಇದೆಯೇ ಎಂದೂ ನೋಡಿದೆ, ಇತ್ತು. ಗೇಮ್‌ಗೆ ಒಳ್ಳೆಯದು ಅಂತ ಕೆಲವರು ಇದನ್ನು ಆಫ್ ಮಾಡಿಸುತ್ತಾರೆ. ಗಿಗಾಬಿಟ್ ಪೂರ್ತಿ ವೇಗದಲ್ಲಿ ದೊಡ್ಡ ಪ್ಯಾಕೆಟ್‌ಗಳೇ (ಡೇಟಾದ ಕಟ್ಟುಗಳು) ಸೆಕೆಂಡಿಗೆ ಸುಮಾರು 81,000 ಬರುತ್ತವೆ. ಹಲವನ್ನು ಸೇರಿಸಿ ಒಂದೇ ಸಲ ಕರೆಯುವುದು ಈ ಸೆಟ್ಟಿಂಗ್‌ನ ಕೆಲಸ. ನನ್ನ ಮಾತು ಕೇಳುವುದಾದರೆ ಅದನ್ನು ಮುಟ್ಟಬೇಡಿ.

ನಿಜವಾದ ಸುಳಿವು ಮರುದಿನ ಸಿಕ್ಕಿತು. ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿ, ಸ್ಲೀಪ್‌ನಿಂದ ಎಬ್ಬಿಸಿದರೆ ಮಾತ್ರ ಕಾಟ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡನ್ನು ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿದರೆ ಮುಂದಿನ ಸ್ಲೀಪ್‌ವರೆಗೆ ನೆಮ್ಮದಿ. ವಿದ್ಯುತ್ ಉಳಿಸಲು ಕಾರ್ಡನ್ನು ಆಫ್ ಮಾಡುವ ಆಯ್ಕೆಯ ಟಿಕ್ ತೆಗೆದು ನೋಡಿದೆ, ಉಪಯೋಗವಾಗಲಿಲ್ಲ. ಆಮೇಲೆ ಡ್ರೈವರ್‌ನ ತಾರೀಕು ನೋಡಿದರೆ, ಹೊಸದು! ತಾನಾಗಿಯೇ ಅಪ್‌ಡೇಟ್ ಆಗಿತ್ತು.

ಹಿಂದಿನ ಡ್ರೈವರ್‌ಗೆ ಮರಳಿಸುವ 'ರೋಲ್ ಬ್ಯಾಕ್' ಬಟನ್ ಮಂಕಾಗಿತ್ತು, ಒತ್ತಲು ಬರಲಿಲ್ಲ. ಮದರ್‌ಬೋರ್ಡ್ ತಯಾರಕರ ಹಳೆಯ ಡ್ರೈವರ್ ಇಳಿಸಿಕೊಂಡೆ. ಹಾಗೇ ಹಾಕಲು ಹೋದರೆ ವಿಂಡೋಸ್ 'ಇರುವುದೇ ಉತ್ತಮ' ಎಂದು ನಿಲ್ಲಿಸಿತು. ಡ್ರೈವರನ್ನು ಪಟ್ಟಿಯಿಂದ ನಾವೇ ಆರಿಸುವ ದಾರಿ ಹಿಡಿದ ಮೇಲೆ ಕೂತಿತು. ಐದು ಸಲ ಮಲಗಿಸಿ ಎಬ್ಬಿಸಿದೆ. ಪ್ರತಿ ಸಲ 0.1. ತೆಗೆದಿದ್ದ ಟಿಕ್ಕನ್ನು ವಾಪಸ್ ಹಾಕಿ ಇನ್ನೊಮ್ಮೆ ಎಬ್ಬಿಸಿದೆ, ಆಗಲೂ 0.1.