ನಕ್ಷತ್ರ ಮೀನು ಸೊರಗಿದೆಯಾ? ಮೊದಲು ನೀರು ನೋಡಿ

ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಗಾಜು ಹಿಡಿದು ನಿಧಾನಕ್ಕೆ ಓಡಾಡುತ್ತಿದ್ದ ನಕ್ಷತ್ರ ಮೀನು ಮರಳಿನ ಮೇಲೆ ಸುಮ್ನೆ ಬಿದ್ದುಕೊಂಡಿದೆ. ತೋಳುಗಳಲ್ಲಿ ಬಿಗಿ ಇಲ್ಲ. ಇಂಥ ಹೊತ್ತಲ್ಲಿ ಗಾಬರಿಯಿಂದ ಅಂಗಡಿಗೆ ಓಡಿ ಮೀನಿನ ಔಷಧಿ ತಂದು ಸುರಿಯುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಮೀನುಗಳ ಬಿಳಿ ಚುಕ್ಕೆ ರೋಗಕ್ಕೆ ಸಿಗುವ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ. ಮೀನು ಅದನ್ನು ತಡೆದುಕೊಳ್ಳಬಹುದು, ನಕ್ಷತ್ರ ಮೀನಿಗೆ ಅದು ವಿಷ.

ಈ ಜೀವಿಗೆ ರಕ್ತ ಇಲ್ಲ. ಬೆನ್ನ ಮೇಲೆ, ನಡುಭಾಗದಿಂದ ತುಸು ಪಕ್ಕಕ್ಕೆ, ಬಿಳಿಚಿದ ಒಂದು ಬೊಟ್ಟು ಇರುತ್ತದೆ. ಹತ್ತಿರದಿಂದ ನೋಡಿದರೆ ಕಾಣುತ್ತದೆ. ಸಮುದ್ರದ ನೀರು ಅಲ್ಲಿಂದ ಒಳಗಿಳಿದು, ಕೊಳವೆಗಳಲ್ಲಿ ಹರಿದು, ತೋಳುಗಳ ಅಡಿಯ ನೂರಾರು ಪುಟಾಣಿ ಕಾಲುಗಳಿಗೆ ಹೋಗುತ್ತದೆ. ಅದು ಗಾಜು ಹಿಡಿಯುವುದು ಈ ಕಾಲುಗಳಿಂದಲೇ. ಮೈಯೊಳಗಿನ ಉಪ್ಪನ್ನು ತಾನೇ ಹದಕ್ಕೆ ತಂದುಕೊಳ್ಳುವ ಶಕ್ತಿ ಇದಕ್ಕಿಲ್ಲ. ಟ್ಯಾಂಕಿನ ನೀರು ಕೆಟ್ಟರೆ ಒಳಗೂ ಕೆಟ್ಟ ಹಾಗೆಯೇ. ಅದಕ್ಕೇ ಇಲ್ಲಿ ಚಿಕಿತ್ಸೆ ಶುರುವಾಗುವುದು ನೀರಿನಿಂದ.

ನಿಜಕ್ಕೂ ಕಾಯಿಲೆಯೇ?

ಒಂದು ದಿನ ಅಲುಗಾಡದಿದ್ದರೆ ಹೆದರಬೇಡಿ. ಚಾಕೊಲೇಟ್ ಚಿಪ್ ಜಾತಿಯದು ಊಟ ಮಾಡುವಾಗ ಹೊಟ್ಟೆಯನ್ನೇ ಹೊರಗೆ ಚಾಚುತ್ತದೆ. ಅಡಿಯಲ್ಲಿ ಲೋಳೆಯಂಥದ್ದು ಕಂಡರೆ ಅದು ರೋಗವಲ್ಲ. ತೋಳು ಜೋತುಬೀಳುವುದು, ಪುಟಾಣಿ ಕಾಲುಗಳ ಹಿಡಿತ ತಪ್ಪುವುದು, ಮಗುಚಿ ಬಿದ್ದರೆ ಮತ್ತೆ ತಿರುಗಿಕೊಳ್ಳಲು ಆಗದಿರುವುದು, ಮೈಮೇಲೆ ಬಿಳಿ ಹುಣ್ಣು, ಚರ್ಮ ಕರಗಿದ ಹಾಗೆ ಕಾಣುವುದು, ಇವು ಕಾಯಿಲೆಯ ಲಕ್ಷಣ. ಪರೀಕ್ಷೆ ಮಾಡೋಣ ಅಂತ ನೀವೇ ಮಗುಚಿ ಹಾಕಬೇಡಿ. ಸೋತ ಜೀವಕ್ಕೆ ಅದೂ ಆಯಾಸವೇ.

ನಿಮ್ಮದು ನೀಲಿ ಲಿಂಕಿಯಾ ಜಾತಿಯದಾಗಿದ್ದರೆ ತೋಳಿನ ಅಡಿಭಾಗವನ್ನು ಟಾರ್ಚ್ ಹಿಡಿದು ನೋಡಿ. ಸಣ್ಣ ಪರಾವಲಂಬಿ ಬಸವನಹುಳು ಅಲ್ಲಿ ಕಚ್ಚಿಕೊಂಡಿರುವುದುಂಟು. ನೀರಿನೊಳಗೇ ಚಿಮಟದಿಂದ ಮೆಲ್ಲಗೆ ಬಿಡಿಸಬಹುದು. ಟ್ಯಾಂಕಿನಲ್ಲಿ ಹಾರ್ಲೆಕ್ವಿನ್ ಸೀಗಡಿ ಇದೆಯಾ? ಅದರ ಊಟವೇ ನಕ್ಷತ್ರ ಮೀನು. ಎರಡನ್ನೂ ಒಟ್ಟಿಗೆ ಇಡಬೇಡಿ.

ನೀರಿನ ಲೆಕ್ಕ

ಟೆಸ್ಟ್ ಕಿಟ್ ತೆಗೆದು ಕೂಡಲೇ ಅಳೆಯಿರಿ. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ 10 ಪಿಪಿಎಂ ಆಸುಪಾಸಿಗಿಂತ ಮೇಲೆ ಹೋಗದಿದ್ದರೆ ಒಳ್ಳೆಯದು. ಪಿಎಚ್ 8.1ರಿಂದ 8.4, ಬಿಸಿ 24ರಿಂದ 26 ಡಿಗ್ರಿ ಸೆಲ್ಸಿಯಸ್, ಉಪ್ಪಿನ ಅಳತೆಯಾದ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರ ಹತ್ತಿರ. ಉಪ್ಪನ್ನು, ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿ. ಅಗ್ಗದ ಮುಳ್ಳಿನ ಹೈಡ್ರೋಮೀಟರ್ ನಂಬಿ ಕೆಟ್ಟ ಟ್ಯಾಂಕುಗಳು ಕಡಿಮೆಯೇನಿಲ್ಲ.

ಬೇಸಿಗೆಯಲ್ಲಿ ನೀರು ಆವಿಯಾಗಿ ಮಟ್ಟ ಇಳಿಯುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಕಡಿಮೆಯಾದಷ್ಟನ್ನು ಬರೀ ಆರ್‌ಒ ನೀರಿನಿಂದ ತುಂಬಿಸಿ, ಉಪ್ಪುನೀರಿನಿಂದ ಅಲ್ಲ. ನಲ್ಲಿಯ ನೀರಾಗಲಿ ಬೋರ್‌ವೆಲ್ ನೀರಾಗಲಿ ಬೇಡ.

ಉಪ್ಪು ಹೆಚ್ಚುಕಮ್ಮಿ ಆಗಿದ್ದರೆ ಒಂದೇ ಏಟಿಗೆ ಸರಿಮಾಡಲು ಹೋಗಬೇಡಿ. ದಿನಕ್ಕೆ 0.001ರಷ್ಟು ಬದಲಾದರೆ ಸಾಕು. ಕೆಟ್ಟ ನೀರಿನಿಂದಲ್ಲ, ದಿಢೀರ್ ಬದಲಾವಣೆಯಿಂದಲೇ ಸಾಯುವ ನಕ್ಷತ್ರ ಮೀನುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಮೋನಿಯಾ ಕಂಡರೆ ಮಾತ್ರ ಕಾಯಬೇಡಿ. ಅಷ್ಟೇ ಉಪ್ಪು, ಅಷ್ಟೇ ಬಿಸಿ ಇರುವ ಹೊಸ ನೀರಿನಿಂದ 20–25 ಶೇಕಡ ಬದಲಿಸಿ. ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಏರ್ ಪಂಪ್ ಜೋರು ಮಾಡಿ.

ಬೇರೆ ಟ್ಯಾಂಕ್ ಯಾವಾಗ?

ಬೇರೆ ಮೀನುಗಳು ಕುಕ್ಕುತ್ತಿದ್ದರೆ ಅಥವಾ ಹುಣ್ಣು ಹರಡುತ್ತಿದ್ದರೆ ಬೇರ್ಪಡಿಸಿ. ದೊಡ್ಡ ಟ್ಯಾಂಕಿನ ನೀರು ಸರಿಯಿದ್ದರೆ ಅದನ್ನೇ ತುಂಬಿಸಿ. ಸ್ಪಾಂಜ್ ಫಿಲ್ಟರ್ ಮತ್ತು ಹೀಟರ್ ಇಡಿ. ಹಿಂದೆ ತಾಮ್ರದ ಔಷಧಿ ಹಾಕಿದ್ದ ಟ್ಯಾಂಕ್ ಬೇಡವೇ ಬೇಡ. ನಕ್ಷತ್ರ ಮೀನು ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಕಾಲುಗಳು ಹರಿದುಹೋಗುತ್ತವೆ. ತೋಳಿನ ತುದಿಯನ್ನು ಬೆರಳಿನಿಂದ ಮುಟ್ಟುತ್ತಾ ಅದೇ ಬಿಡುವ ತನಕ ಕಾಯಿರಿ. ಆಮೇಲೆ ನೀರಿನೊಳಗೇ ಡಬ್ಬಿಗೆ ಸರಿಸಿ, ಗಾಳಿಗೆ ಎತ್ತದೆ ಸಾಗಿಸಿ. ಚಿಕ್ಕ ಟ್ಯಾಂಕಿನಲ್ಲಿ ಅಮೋನಿಯಾ ಬೇಗ ಏರುತ್ತದೆ, ದಿನವೂ ಅಳೆಯಿರಿ.

ಹಸಿವೂ ಕಾಯಿಲೆಯೇ

ಇದು ಯಾರ ಕಣ್ಣಿಗೂ ಬೀಳದ ಕಾರಣ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದರೂ ಹೊರಗೆ ಚೆನ್ನಾಗಿಯೇ ಕಾಣುತ್ತದೆ. ನೀಲಿ ಲಿಂಕಿಯಾ ಕಲ್ಲಿನ ಮೇಲಿನ ಪಾಚಿ, ಜೀವಿಗಳ ಪದರ ಮೇಯುತ್ತದೆ. ಹೊಸ ಟ್ಯಾಂಕಿನಲ್ಲಿ ಅದು ಇರುವುದೇ ಇಲ್ಲ. ಮರಳಲ್ಲಿ ಹೂತುಕೊಳ್ಳುವ ಅಸ್ಟ್ರೊಪೆಕ್ಟೆನ್ ಮರಳಿನ ಹುಳುಹುಪ್ಪಟೆಯನ್ನೆಲ್ಲ ತಿಂದು ಮುಗಿಸಿ ಉಪವಾಸ ಬೀಳುತ್ತದೆ. ಚಾಕೊಲೇಟ್ ಚಿಪ್‌ಗೆ ಊಟ ಹಾಕುವುದು ಸುಲಭ. ಉಪ್ಪು, ಮಸಾಲೆ ಹಾಕದ ಸೀಗಡಿಯನ್ನೋ ಮರುವಾಯಿಯನ್ನೋ ಅವರೆಕಾಳಿನಷ್ಟು ಕತ್ತರಿಸಿ ತೋಳಿನ ಅಡಿಗೆ ಸರಿಸಿ. ಒಂದೆರಡು ಗಂಟೆಯಲ್ಲಿ ಮುಟ್ಟದಿದ್ದರೆ ತೆಗೆದುಬಿಡಿ.

ಔಷಧಿ ಇಲ್ಲವೇ ಅಂತ ಕೇಳಬಹುದು. ಕಾರಣ ಗೊತ್ತಿಲ್ಲದೆ ಔಷಧಿ ಹಾಕುವುದು ಕಷ್ಟ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2013ರಿಂದ ನಕ್ಷತ್ರ ಮೀನುಗಳು ಕರಗಿ ಸತ್ತವು. ಅಲ್ಲಿನ ಸೂರ್ಯಕಾಂತಿ ಜಾತಿಯನ್ನು ಕೊಂದದ್ದು ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಬ್ಯಾಕ್ಟೀರಿಯಾ ಅಂತ ವಿಜ್ಞಾನಿಗಳು ಹೇಳಿದ್ದು 2025ರಲ್ಲಿ. ಮನೆ ಟ್ಯಾಂಕಿನಲ್ಲಿ ಮೈ ಕರಗುವುದಕ್ಕೆಲ್ಲ ಅದೇ ಕಾರಣ ಅಲ್ಲ. ಆ್ಯಂಟಿಬಯಾಟಿಕ್ ಹಾಕುವ ಯೋಚನೆ ಇದ್ದರೆ ಜಲಚರಗಳನ್ನು ನೋಡುವ ಪಶುವೈದ್ಯರನ್ನು ಕೇಳಿ. ಅದು ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲಬಹುದು. ತೋಳು ಮಾತ್ರ ಕಳಚಿದ್ದು ಗಾಯ ಶುಭ್ರವಾಗಿದ್ದರೆ ಭರವಸೆ ಇಡಿ, ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ.

ಮೈ ಪೂರ್ತಿ ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಅದು ಹೋಗಿದೆ. ಬೆಳಗಾಗಲಿ ಅಂತ ಕಾಯದೆ ಆಗಲೇ ಹೊರತೆಗೆಯಿರಿ, ಬಿಡಿ ಚೂರುಗಳನ್ನೂ ಹೀರಿ ತೆಗೆಯಿರಿ. ನೀರು ಬದಲಿಸಿ, ಒಂದು ವಾರ ದಿನವೂ ಅಮೋನಿಯಾ ಅಳೆಯಿರಿ. ಅದು ಸೊನ್ನೆಯಲ್ಲೇ ನಿಲ್ಲುವವರೆಗೆ ಹೊಸ ಜೀವಿ ಯಾವುದನ್ನೂ ತರಬೇಡಿ.