ಕಂಬಳಿಯೊಳಗೆ ಐಸು: ಏಳನೇ ಕ್ಲಾಸಿಗೆ ಉಷ್ಣದ ಪಾಠ

ಏಳನೇ ಕ್ಲಾಸಿಗೆ ಉಷ್ಣದ ಪಾಠ ಮಾಡಲು ಹೊರಟವರಲ್ಲಿ ನನ್ನದೊಂದು ಬೇಡಿಕೆ ಇದೆ. ಉಷ್ಣವಹನ, ಉಷ್ಣಸಂವಹನ, ಉಷ್ಣವಿಕಿರಣ ಅನ್ನೋ ಮೂರು ಹೆಸರನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆಯಬೇಡಿ. ನಾನು ವರ್ಷಗಟ್ಟಲೆ ಬರೆದು ಕೆಟ್ಟವಳು.

ನಾನಿರೋದು ಶಿರಾ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ. ಶುರುವಿನಲ್ಲಿ ಮೂರೂ ವ್ಯಾಖ್ಯೆ ಬರೆಸ್ತಿದ್ದೆ, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸ್ತಿದ್ದರು. ಒಂದು ಡಿಸೆಂಬರ್ ಬೆಳಗ್ಗೆ, ಪರೀಕ್ಷೆಯಲ್ಲಿ ಪೂರ್ತಿ ಅಂಕ ತಗೊಂಡಿದ್ದ ಹುಡುಗೀನ ಸುಮ್ಮನೆ ಕೇಳಿದೆ, ‘ಚಳಿಗೆ ಕಂಬಳಿ ಯಾಕೆ ಹೊದೀತೀವಿ?’ ಅಂತ. ‘ಕಂಬಳಿ ಬಿಸಿ ಕೊಡುತ್ತೆ ಮಿಸ್’ ಅಂದಳು. ಇಡೀ ಕ್ಲಾಸು ಹೌದು ಅಂತ ತಲೆ ಆಡಿಸಿತು. ಆವತ್ತಿನಿಂದ ಪಾಠವನ್ನು ಕಂಬಳಿಯಿಂದಲೇ ಶುರು ಮಾಡ್ತೀನಿ.

ನಮ್ಮ ಕಡೆ ಕಂಬಳಿಗೆ ಬರ ಇಲ್ಲ. ಶಿರಾ, ಚಳ್ಳಕೆರೆ ಸೀಮೆ ಕುರಿಗೂ ಕೈಮಗ್ಗದ ಕರಿ ಕಂಬಳಿಗೂ ಹೆಸರಾದದ್ದು. ಕುರಿ ಸಾಕೋ ಮನೆಯ ಒಬ್ಬ ಹುಡುಗನಿಗೆ ಹೇಳಿದರೆ ಮಾರನೇ ದಿನ ಹೆಗಲ ಮೇಲೆ ಹಾಕಿಕೊಂಡೇ ಬರ್ತಾನೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನಡುವೆ ಒಂದು ಥರ್ಮಾಮೀಟರ್ ಇಡಿ, ಇನ್ನೊಂದನ್ನು ಮೇಜಿನ ಮೇಲೆ ಇಡಿ. ಜ್ವರ ನೋಡೋ ಥರ್ಮಾಮೀಟರ್ ಇದಕ್ಕೆ ಆಗಲ್ಲ, ಅದು 35 ಡಿಗ್ರಿ ಸೆಲ್ಸಿಯಸ್‌ನಿಂದ 42ರವರೆಗೆ ಮಾತ್ರ ತೋರಿಸೋದು. ಪ್ರಯೋಗಾಲಯದ್ದು, ಒಳಗೆ ಕೆಂಪು ದ್ರವ ಇರೋದು ತನ್ನಿ. ಪಾದರಸದ್ದು ಮಕ್ಕಳ ಕೈಯಲ್ಲಿ ಒಡೆದರೆ ಫಜೀತಿ.

ಅರ್ಧ ಗಂಟೆ ಬಿಟ್ಟು ತೆಗೆದರೆ ಎರಡೂ ಒಂದೇ ತೋರಿಸ್ತವೆ. ಕಂಬಳಿಯೊಳಗೆ ಏರಿಲ್ಲ! ‘ಥರ್ಮಾಮೀಟರ್ ಕೆಟ್ಟಿದೆ’ ಅನ್ನೋದು ಮಕ್ಕಳ ಮೊದಲ ತೀರ್ಪು. ಅನ್ನಲಿ ಬಿಡಿ.

ಈಗ ಅಂಗಡಿಯಿಂದ ಪ್ಲಾಸ್ಟಿಕ್ ಕೊಳವೆಯ ಐಸ್ ತರಿಸಿ, ಮಕ್ಕಳು ‘ಪೆಪ್ಸಿ’ ಅಂತಾರಲ್ಲ ಅದು. ಬಾಯಿ ಮುಚ್ಚಿರೋದರಿಂದ ಕಂಬಳಿ ನೆನೆಯಲ್ಲ, ಲೆಕ್ಕಕ್ಕೆ ಎಲ್ಲ ಕೊಳವೆಯೂ ಒಂದೇ ಗಾತ್ರ. ಒಂದನ್ನು ಕಂಬಳಿಯಲ್ಲಿ ಸುತ್ತಿ, ಒಂದನ್ನು ಬಯಲಿಗೇ ಇಡಿ. ಸುತ್ತೋದಕ್ಕೆ ಮುಂಚೆ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆಯಬೇಕು. ಪೆನ್ಸಿಲ್ ಬೇಡ, ಆಮೇಲೆ ಅಳಿಸ್ತಾರೆ. ‘ಕಂಬಳಿ ಒಳಗಿಂದು ಬೇಗ ಕರ್ಗೋಯ್ತದೆ’ ಅಂತ ಹತ್ತಿರ ಹತ್ತಿರ ಎಲ್ಲರೂ ಬರೀತಾರೆ. ಮುಕ್ಕಾಲು ಗಂಟೆ ಕಳೆದು ಬಿಚ್ಚಿದಾಗ ಬಯಲಿನದು ನೀರಾಗಿರುತ್ತೆ, ಕಂಬಳಿಯದು ಇನ್ನೂ ಗಟ್ಟಿ. ಆಗ ಹುಟ್ಟೋ ಮೌನಕ್ಕೋಸ್ಕರವೇ ನಾನು ಈ ಪಾಠಕ್ಕೆ ಕಾಯೋದು.

ಇಲ್ಲಿ ನೀವು ಹೇಳಬೇಕಾದ್ದು ಒಂದೇ: ಬಿಸಿ ಇರೋ ಕಡೆಯಿಂದ ತಣ್ಣಗಿರೋ ಕಡೆಗೆ ಉಷ್ಣ ಹೋಗುತ್ತೆ. ತಂಪು ಅನ್ನೋದು ಎಲ್ಲಿಂದಲೂ ಒಳಗೆ ಬರೋ ವಸ್ತುವಲ್ಲ. ಕಂಬಳಿ ಬಾಗಿಲು ಹಾಕುತ್ತೆ ಅಷ್ಟೇ. ಮೈಯ ಬಿಸಿ ಹೊರಗೆ ಹೋಗದ ಹಾಗೆ ತಡೆಯೋದೂ ಅದೇ, ಹೊರಗಿನ ಬಿಸಿ ಐಸಿಗೆ ಮುಟ್ಟದ ಹಾಗೆ ತಡೆಯೋದೂ ಅದೇ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಆ ಬಾಗಿಲು. ಐಸ್ ಗಾಡಿಯವರು ಮರದ ಹೊಟ್ಟು ಸುರಿದು ಗೋಣಿಚೀಲ ಹೊದಿಸೋದು ಯಾಕೆ ಅಂತ ಕೇಳಿ. ಕುರಿ ಕಾಯೋರು ನಡು ಮಧ್ಯಾಹ್ನದ ಬಿಸಿಲಲ್ಲೂ ಕಂಬಳಿ ಕೊಪ್ಪೆ ಹಾಕೋದನ್ನ ಮಕ್ಕಳೇ ನೆನಪು ಮಾಡ್ತಾರೆ.

ಎರಡನೇ ದಿನ ಬಿಸಿಯೂಟದ ಅಡುಗೆಮನೆಯಿಂದ ಅಲ್ಯುಮಿನಿಯಂ ಮುಚ್ಚಳ, ಯಾರದಾದರೂ ಮನೆಯಿಂದ ಒಂದು ಮರದ ಮಣೆ. ಎರಡೂ ಹಿಂದಿನ ರಾತ್ರಿಯಿಂದ ಒಂದೇ ಕೋಣೆಯಲ್ಲಿ ಇರಬೇಕು. ಮುಟ್ಟಿಸಿ. ‘ಮುಚ್ಚಳ ತಣ್ಣಗಿದೆ, ಮಣೆ ಬೆಚ್ಚಗಿದೆ.’ ಹಾಗಾದರೆ ಐಸಿನ ತುಂಡು ಯಾವುದರ ಮೇಲೆ ಬೇಗ ಕರಗುತ್ತೆ? ‘ಮಣೆ ಮೇಲೆ.’ ಮತ್ತೆ ಪೆನ್ನಿನಲ್ಲಿ ಬರೆಸಿ. ಒಂದೇ ಅಚ್ಚಿನ ಎರಡು ತುಂಡು ಇಟ್ಟು ನೋಡಿದರೆ ಮುಚ್ಚಳದ ಮೇಲಿನದು ಕಣ್ಣೆದುರೇ ಜಾರಿ ಜಾರಿ ನೀರಾಗುತ್ತೆ, ಮಣೆಯದು ಕೂತಲ್ಲೇ ಕೂತಿರುತ್ತೆ. ಎರಡರ ಉಷ್ಣತೆಯೂ ಒಂದೇ ಇತ್ತು. ಮುಚ್ಚಳ ನಿಮ್ಮ ಕೈಯಿಂದ ಬಿಸಿಯನ್ನು ಬೇಗ ಎಳೆದುಕೊಂಡಿತು, ಅದಕ್ಕೆ ತಣ್ಣಗೆ ಅನ್ನಿಸಿತು. ಐಸಿಗೆ ಬೇಗ ಕೊಟ್ಟಿತು, ಅದಕ್ಕೆ ಐಸು ಕರಗಿತು.

ಇದನ್ನು ಜೂನ್‌ನಿಂದ ಜನವರಿಯೊಳಗೆ ಮಾಡಿ. ಒಂದು ವರ್ಷ ಪಾಠ ಹಿಂದೆ ಬಿದ್ದು ಮಾರ್ಚ್ ಕೊನೆಯ ಮಧ್ಯಾಹ್ನ ಮಾಡಲು ಹೋದೆ. ನಮ್ಮ ಶೀಟಿನ ಕೋಣೆ ಕಾದು ಕೂತಿತ್ತು. ಕೈಯ ಚರ್ಮ ಸುಮಾರು 33 ಡಿಗ್ರಿ ಇರುತ್ತೆ, ಕೋಣೆ ಅದಕ್ಕಿಂತ ಹೆಚ್ಚು ಕಾದಿದ್ದರೆ ಮುಚ್ಚಳ ತಣ್ಣಗೆ ಹೇಗೆ ಅನ್ನಿಸೀತು? ‘ಮುಚ್ಚಳವೇ ಬಿಸಿ ಇದೆ ಮಿಸ್’ ಅಂದರು. ಉಷ್ಣ ಈ ಸಲ ಮುಚ್ಚಳದಿಂದ ಕೈಗೆ ಬರ್ತಿದೆ ಅಂತ ನನಗೆ ಹೊಳೆಯೋ ಹೊತ್ತಿಗೆ ಬೆಲ್ ಆಗಿತ್ತು.

ಲೋಹದಲ್ಲಿ ಬಿಸಿ ನಡೆದು ಹೋಗೋದನ್ನು ತೋರಿಸೋಕೆ ಎಲ್ಲರೂ ಸೈಕಲ್ ಕಡ್ಡಿ ಹಿಡೀತಾರೆ. ನಾನೂ ಹಿಡಿದಿದ್ದೆ. ಮೇಣದಲ್ಲಿ ಅಂಟಿಸಿದ ಆರು ಗುಂಡುಪಿನ್ನುಗಳಲ್ಲಿ ಎರಡು ಬಿದ್ದವು, ಉಳಿದವು ಹಠ ಹಿಡಿದವು. ಕಡ್ಡಿ ಸಪೂರ, ಅದೂ ಉಕ್ಕು. ಬಿಸಿ ತುದಿ ಮುಟ್ಟೋದರೊಳಗೆ ಗಾಳಿಗೆ ಸೋರಿ ಹೋಗುತ್ತೆ. ಮನೆಗೆ ಅರ್ತಿಂಗ್ ಹಾಕಲು ಬಳಸೋ 8 ಗೇಜಿನ ದಪ್ಪ ತಾಮ್ರದ ತಂತಿ ಒಂದಡಿ ಇಸಕೊಳ್ಳಿ, ಎಲೆಕ್ಟ್ರಿಷಿಯನ್ ಹತ್ತಿರ ತುಂಡು ಇದ್ದೇ ಇರುತ್ತೆ. ಒಂದು ತುದಿಯನ್ನು ಎರಡು ಇಟ್ಟಿಗೆ ನಡುವೆ ಸಿಕ್ಕಿಸಿ, ಕೆಳಗಡೆಗೆ ಎರಡೆರಡು ಬೆರಳು ಬಿಟ್ಟು ಕಡಲೆಕಾಯಿ ಬೀಜವನ್ನು ಮೇಣದಲ್ಲಿ ಅಂಟಿಸಿ, ಇನ್ನೊಂದು ತುದಿಗೆ ಮೇಣದಬತ್ತಿ ಹಿಡಿಯಿರಿ. ಮೊದಲ ಬೀಜ ಉರಿಯಿಂದ ನಾಲ್ಕು ಬೆರಳು ದೂರ ಇರಲಿ, ಇಲ್ಲದಿದ್ದರೆ ಅದು ನೇರ ಉರಿಯ ಝಳಕ್ಕೇ ಬೀಳುತ್ತೆ, ಜಾಣ ಮಕ್ಕಳು ಅದನ್ನು ಹಿಡೀತಾರೆ. ಟಪ್, ಟಪ್ ಅಂತ ಸಾಲಾಗಿ ಬೀಳೋದನ್ನು ಜೋರಾಗಿ ಎಣಿಸ್ತಾರೆ. ಪಕ್ಕದ ಕ್ಲಾಸಿನವರು ಬೈದರೆ ಕ್ಷಮೆ ಕೇಳಿ.

ಟೀಚರಿಗೆ ಗೊತ್ತಿರಲಿ ಅಂತ ಅಂಕಿ ಹೇಳ್ತೀನಿ, ಮಕ್ಕಳಿಗೆ ಬೇಡ. ಬಿಸಿಯನ್ನು ಎಷ್ಟು ಚೆನ್ನಾಗಿ ದಾಟಿಸುತ್ತೆ ಅನ್ನೋ ಉಷ್ಣವಾಹಕತೆಯ ಲೆಕ್ಕದಲ್ಲಿ (ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್) ತಾಮ್ರ ಸುಮಾರು 400 ಇದ್ದರೆ, ಅಲ್ಯುಮಿನಿಯಂ 235ರ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲ್ 15, ನೀರು 0.6, ಗಾಳಿ 0.025. ಅಡುಗೆಯವರು ತಾಮ್ರದ ತಳ ಇರೋ ಸ್ಟೀಲ್ ಪಾತ್ರೆ ಹುಡುಕೋದು ಇದಕ್ಕೇ.

ನೀರು ಇಷ್ಟು ಕೆಟ್ಟ ವಾಹಕ ಅಂದರೆ ಮತ್ತೆ ಹಂಡೆ ನೀರು ಕಾಯೋದು ಹೇಗೆ? ಈ ಪ್ರಶ್ನೆ ಮಕ್ಕಳ ಬಾಯಲ್ಲೇ ಬರೋ ಹಾಗೆ ಮಾಡಿ. ಗಾಜಿನ ಪ್ರನಾಳದ ತಳಕ್ಕೆ ಐಸಿನ ಚೂರು ಹಾಕಿ, ಮೇಲೆ ತೇಲದ ಹಾಗೆ ಒಂದು ನಟ್ಟನ್ನು ಇಳಿಬಿಡಿ, ನೀರು ತುಂಬಿಸಿ. ಇಕ್ಕಳದಲ್ಲಿ ಓರೆಯಾಗಿ ಹಿಡಿದು ಬಾಯಿಯ ಹತ್ತಿರ ಮಾತ್ರ ಕಾಯಿಸಿ. ಬಾಯಿ ಗೋಡೆ ಕಡೆಗೆ ತಿರುಗಿರಲಿ, ಮಕ್ಕಳ ಕಡೆಗಲ್ಲ. ಮೇಲೆ ನೀರು ಕುದೀತಿರುತ್ತೆ, ಕೆಳಗೆ ಐಸು ಇನ್ನೂ ಇರುತ್ತೆ. ತೆರೆದ ಬಾವಿಯಲ್ಲಿ ಈಜೋ ಹುಡುಗರಿಗೆ ಇದು ಹೊಸದಲ್ಲ. ‘ಮೇಲೆ ಬೆಚ್ಚಗಿರ್ತದೆ ಮಿಸ್, ಕಾಲ್ಕೆಳಗೆ ಕೊರೀತದೆ’ ಅಂದವನು ಇಂಥವರಲ್ಲೊಬ್ಬ. ಬಿಸಿಲು ಬಾವಿಯನ್ನು ಮೇಲಿಂದ ಕಾಯಿಸುತ್ತೆ, ಒಲೆ ಹಂಡೆಯನ್ನು ಕೆಳಗಿಂದ ಕಾಯಿಸುತ್ತೆ. ಗುಟ್ಟು ಅಲ್ಲಿದೆ.

ಅದನ್ನು ಕಣ್ಣಿಗೆ ಕಾಣಿಸೋಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬೇಕು. ಒಂದೇ ಒಂದು ಹರಳು ಸಾಕು. ರೀಫಿಲ್ ತೆಗೆದ ಪೆನ್ನಿನ ಕೊಳವೆಯನ್ನು ಬೀಕರಿನ ತಳಕ್ಕೆ, ಒಂದು ಅಂಚಿಗೆ ಮುಟ್ಟಿಸಿ ಹರಳು ಬಿಡಿ, ಮೇಲಿನ ತೂತನ್ನು ಬೆರಳಿಂದ ಮುಚ್ಚಿ ನಿಧಾನ ಎತ್ತಿ. ನೀರು ಪೂರ್ತಿ ನಿಂತಿರಬೇಕು. ಆ ಅಂಚಿನ ಕೆಳಗೆ ಮಾತ್ರ ಸಣ್ಣ ಉರಿ. ನೇರಳೆ ಬಣ್ಣ ದಾರದ ಹಾಗೆ ಮೇಲೇಳುತ್ತೆ, ಮೇಲ್ಮೈ ದಾಟುತ್ತೆ, ಆಚೆ ಬದಿಯಿಂದ ಇಳಿಯುತ್ತೆ. ಬಿಸಿಯಾದ ನೀರು ಹಿಗ್ಗಿ ಹಗುರವಾಗಿ ಏರಿತು, ತಣ್ಣನೆಯದು ಅದರ ಜಾಗಕ್ಕೆ ಬಂತು. ಉರಿ ದೊಡ್ಡದು ಮಾಡಿದರೆ ಒಂದೇ ಗಳಿಗೆಯಲ್ಲಿ ಎಲ್ಲ ನೇರಳೆಯಾಗಿ ಆಟ ಮುಗಿಯಿತು. ಹರಳನ್ನು ಮಕ್ಕಳು ಮುಟ್ಟಬಾರದು. ಮುಟ್ಟಿದರೆ ಬೆರಳಿನ ಕಲೆ ನಾಲ್ಕು ದಿನ ಸಾಕ್ಷಿ ಹೇಳುತ್ತೆ.

ಸೋಲಾರ್ ನೀರು ಕಾಯಿಸೋ ಮನೆ ಊರಲ್ಲಿದ್ದರೆ ಕರಕೊಂಡು ಹೋಗಿ. ಟ್ಯಾಂಕು ಸಾಮಾನ್ಯವಾಗಿ ಕೊಳವೆಗಳಿಗಿಂತ ಮೇಲೆ ಕೂತಿರುತ್ತೆ. ಪಂಪಿಲ್ಲದೆ ಬಿಸಿನೀರು ತಾನೇ ಹತ್ತುತ್ತೆ.

ಬಿಸಿ ಸಾಗೋ ಮೂರನೇ ದಾರಿ ತೋರಿಸೋಕೆ ಮೇಣದಬತ್ತಿ ಒಂದೇ ಸಾಕು. ಉರಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ, ಆಮೇಲೆ ಪಕ್ಕದಲ್ಲಿ ಅಷ್ಟೇ ದೂರ. ಮೇಲೆ ತಡೆಯೋಕಾಗಲ್ಲ, ಬಿಸಿಗಾಳಿ ಏರಿ ಬರ್ತಿದೆ. ಪಕ್ಕದಲ್ಲಿ ಅಷ್ಟಿಲ್ಲ, ಆದರೂ ಹತ್ತಿರ ತಂದರೆ ಬೆಚ್ಚಗಾಗುತ್ತೆ. ಈಗ ನಡುವೆ ಒಂದು ಪುಸ್ತಕ ಹಿಡಿಯಿರಿ. ತಕ್ಷಣ ನಿಂತು ಹೋಗುತ್ತೆ. ನೆರಳಿಗೆ ಕಾಲಿಟ್ಟ ಕೂಡಲೇ ಬಿಸಿಲು ನಿಂತ ಹಾಗೆ. ಸೂರ್ಯನಿಗೂ ನಮಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರ್ ಇದೆ. ಅದರಲ್ಲಿ ಬಹುಪಾಲು ಬರೀ ಶೂನ್ಯ. ಅಲ್ಲಿ ಕೈ ದಾಟಿಸೋಕೆ ತಾಮ್ರವಿಲ್ಲ, ಹೊತ್ತು ತರೋಕೆ ಗಾಳಿಯಿಲ್ಲ, ಆದರೂ ಬಿಸಿಲಿಗೆ ಬರೋಕೆ ಎಂಟು ನಿಮಿಷ ಚಿಲ್ಲರೆ ಸಾಕು. ಒಂದೇ ಅಳತೆಯ ಎರಡು ಡಬ್ಬಿಗೆ ನೀರು ತುಂಬಿ, ಒಂದಕ್ಕೆ ದೀಪದ ಮಸಿ, ಒಂದಕ್ಕೆ ಸುಣ್ಣ ಬಳಿದು ಬಿಸಿಲಿಗಿಡಿ. ಮಸಿಯದು ಮೊದಲು ಕಾಯುತ್ತೆ. ಊಹೆ ಬರೆಸಿದರೆ ಇದನ್ನು ಎಲ್ಲರೂ ಸರಿಯಾಗಿಯೇ ಬರೀತಾರೆ, ಹಾಗಾಗಿ ಇದರ ಮೇಲೆ ನಾನು ಹೆಚ್ಚು ಹೊತ್ತು ಕಳೆಯಲ್ಲ.

ಇನ್ನು ಹೆಸರಿಡಬಹುದು. ಆದರೆ ಕನ್ನಡದಲ್ಲಿ ಒಂದು ತೊಡಕಿದೆ. ವಹನ, ಸಂವಹನ ಎರಡೂ ಕಿವಿಗೆ ಅಕ್ಕತಂಗಿಯರ ಹಾಗೆ. ಸಾಲದ್ದಕ್ಕೆ ‘ಸಂವಹನ ಅಂದರೆ ಮಾತುಕತೆ ಅಲ್ವಾ ಮಿಸ್, ಕನ್ನಡ ಪಿರಿಯಡ್‌ನಲ್ಲಿ ಹೇಳಿದ್ರು’ ಅಂತಾರೆ. ನನಗೆ ಇದಕ್ಕೆ ದಾರಿ ಸಿಕ್ಕಿದ್ದು ಶಾಲೆ ಪಕ್ಕದಲ್ಲಿ ಮನೆ ಕಟ್ಟುವಾಗ. ಮೋಲ್ಡ್ ಹಾಕೋ ದಿನ ಆಳುಗಳು ಏಣಿಯುದ್ದಕ್ಕೂ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸ್ತಾರೆ. ಯಾರೂ ಜಾಗ ಬಿಡಲ್ಲ, ಬಾಂಡ್ಲಿ ಮಾತ್ರ ಮೇಲೆ ಹೋಗುತ್ತೆ. ಇದು ವಹನ. ಇನ್ನೊಂದು ದಿನ ಒಬ್ಬಾಕೆ ತಾನೇ ಮರಳು ಹೊತ್ತು ಹತ್ತುತ್ತಾಳೆ, ಖಾಲಿ ಬಾಂಡ್ಲಿ ಹಿಡಿದು ಇಳಿಯುತ್ತಾಳೆ, ಮತ್ತೆ ಹೊರುತ್ತಾಳೆ. ಬೀಕರಿನ ನೇರಳೆ ದಾರವೂ ಹೀಗೇ ಸುತ್ತಿತ್ತಲ್ಲ, ಇದು ಸಂವಹನ. ಕೆಳಗಿನವನು ಇಟ್ಟಿಗೆ ಎಸೀತಾನೆ, ಮೇಲಿನವನು ಹಿಡೀತಾನೆ. ನಡುವೆ ಇಟ್ಟಿಗೆ ಮುಟ್ಟಿದವರಿಲ್ಲ, ಇದು ವಿಕಿರಣ. ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಿ ಇದನ್ನೇ ಆಡಿಸಿ, ಇಟ್ಟಿಗೆ ಬದಲು ರಬ್ಬರ್ ಚೆಂಡು. ಹೋಲಿಕೆ ಪೂರ್ತಿ ಸರಿಯಲ್ಲ, ಉಷ್ಣ ಇಟ್ಟಿಗೆಯಂಥ ವಸ್ತುವಲ್ಲ. ಹಿಂದೆ ವಿಜ್ಞಾನಿಗಳೂ ಅದನ್ನು ಒಂದು ದ್ರವ ಅಂತ ನಂಬಿದ್ದರು. ರಮ್‌ಫರ್ಡ್ ಅನ್ನೋ ವಿಜ್ಞಾನಿ 1798ರಲ್ಲಿ, ಫಿರಂಗಿ ಕೊರೆಯುವಾಗ ಉಜ್ಜಿದಷ್ಟೂ ಬಿಸಿ ಬರ್ತಾನೇ ಇರುತ್ತೆ, ಮುಗಿಯೋದೇ ಇಲ್ಲ ಅಂತ ತೋರಿಸಿ ಆ ನಂಬಿಕೆಗೆ ಪೆಟ್ಟು ಕೊಟ್ಟ. ಅಂಗೈ ಉಜ್ಜಿಸಿ ಇಷ್ಟನ್ನು ಹೇಳಿ ಮುಂದೆ ಹೋಗಿ.

ಮಡಕೆ ನೀರು ಯಾಕೆ ತಂಪು ಅಂತ ಯಾರಾದರೂ ಕೇಳೇ ಕೇಳ್ತಾರೆ. ಅದನ್ನು ಈ ಮೂರರಲ್ಲಿ ಎಲ್ಲೋ ತುರುಕಬೇಡಿ. ಅದು ನೀರು ಆವಿಯಾಗುತ್ತಾ ಬಿಸಿ ಹೊತ್ತೊಯ್ಯೋ ಕತೆ, ಬೇರೆ ದಿನಕ್ಕಿರಲಿ.

ಕೊನೆಯ ದಿನ ಅಡುಗೆಮನೆ. ಬಿಸಿಯೂಟದ ಅಕ್ಕನನ್ನೇ ಪಾಠ ಮಾಡೋಕೆ ಕೇಳಿಕೊಳ್ತೀನಿ. ಮಕ್ಕಳು ಒಲೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಬೇಕು. ಒಂದು ಸಲ ಹುಡುಗಿಯೊಬ್ಬಳು ಕೇಳಿದಳು, ‘ಅಕ್ಕ, ತಿಳಿಸಾರು ತಿರುವಲ್ಲ, ಬೇಳೆ ಮಾತ್ರ ಯಾಕೆ ತಿರುವ್ತಾನೇ ಇರ್ತೀಯ?’ ಅಕ್ಕ ಸೌಟು ಎತ್ತಿ ಹೇಳಿದಳು: ‘ತಿಳಿಸಾರು ತಾನೇ ಓಡಾಡ್ತದೆ ಕಣವ್ವ. ಬೇಳೆ ಮಂದ, ಕೂತಲ್ಲೇ ಕೂತ್ಕಂತದೆ. ನಾನು ಓಡಾಡಿಸ್ದಿದ್ರೆ ತಳ ಹಿಡೀತದೆ.’ ಸಂವಹನಕ್ಕೆ ನಾನು ಬರೆಸಿದ ಯಾವ ವ್ಯಾಖ್ಯೆಯೂ ಇಷ್ಟು ಚೆನ್ನಾಗಿರಲಿಲ್ಲ. ಮುದ್ದೆ ಕೋಲು ಮಾಡೋ ಕೆಲಸವೂ ಅದೇ. ಕೋಲು ಮರದ್ದಾಗಿರೋದು ಯಾಕೆ ಅಂತ ನಾನು ಕೇಳೋದರೊಳಗೆ ಉತ್ತರ ಬಂದಿತ್ತು.

ಪರೀಕ್ಷೆಗೆ ಈಗ ವ್ಯಾಖ್ಯೆ ಕೇಳಲ್ಲ. ಥರ್ಮಾಸ್ ಫ್ಲಾಸ್ಕಿನ ಒಡೆದ ಗಾಜನ್ನು ಬಟ್ಟೆ ಹಾಸಿ ಮೇಜಿನ ಮೇಲಿಟ್ಟು, ದೂರದಿಂದಲೇ ತೋರಿಸಿ, ಯಾವುದು ಯಾವುದನ್ನು ತಡೆಯುತ್ತೆ ಬರೀರಿ ಅಂತೀನಿ. 1892ರಲ್ಲಿ ಜೇಮ್ಸ್ ಡೀವಾರ್ ಅನ್ನೋ ವಿಜ್ಞಾನಿ ಮಾಡಿದ್ದು ಇಂಥದೇ: ಎರಡು ಗೋಡೆ, ನಡುವೆ ಗಾಳಿ ತೆಗೆದ ಜಾಗ. ಗಾಳಿ ಇಲ್ಲದ್ದು ವಹನ, ಸಂವಹನ ಎರಡಕ್ಕೂ ತಡೆ, ಬೆಳ್ಳಿಯ ಹೊಳಪು ವಿಕಿರಣಕ್ಕೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಇಷ್ಟೂ ಬರೆದು ಕೆಳಗೆ ಸೇರಿಸಿದ್ದ: ‘ಆದ್ರೂ ಟೀ ಸಾಯಂಕಾಲಕ್ಕೆ ಆರ್ತದೆ. ಬಿರಡೆ ಕಡೆಯಿಂದ ಹೋಗಿರ್ಬೇಕು. ಬಿರಡೆಗೆ ಕಂಬಳಿ ಸುತ್ತಿ ನೋಡ್ಬೇಕು.’