ರಾತ್ರಿ ಬಾಗಿಲು ಮುರಿಯುವ ಸದ್ದು ಕೇಳಿದರೆ? ಮನೆಮಂದಿ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ

ಕಳ್ಳತನ ಅಂದ ತಕ್ಷಣ ನಮಗೆ ನೆನಪಾಗುವುದು ಬೀಗ, ಕ್ಯಾಮೆರಾ, ಬೀರುವಿನಲ್ಲಿರುವ ಚಿನ್ನ. ಎಲ್ಲರೂ ಮನೆಯೊಳಗೆ ಮಲಗಿರುವಾಗಲೇ ಕಳ್ಳರು ನುಗ್ಗಿದರೆ ಏನು ಮಾಡುವುದು ಎಂಬ ಮಾತು ಹೆಚ್ಚಿನ ಮನೆಗಳಲ್ಲಿ ಬಂದೇ ಇರುವುದಿಲ್ಲ. 2024ರ ಜುಲೈನಲ್ಲಿ ಮಂಗಳೂರಿನಲ್ಲಿ ಹಿರಿಯ ದಂಪತಿ ಇದ್ದ ಮನೆಗೆ ತಂಡವೊಂದು ನುಗ್ಗಿ, ಹಲ್ಲೆ ಮಾಡಿ, ದೋಚಿಕೊಂಡು, ಅವರದೇ ಕಾರಿನಲ್ಲಿ ಪರಾರಿಯಾಗಿತ್ತು. ಆರೋಪಿಗಳು ಅಂದೇ ಸಿಕ್ಕಿಬಿದ್ದರು. ಆದರೂ ಪೊಲೀಸರು ಬರುವವರೆಗಿನ ಸಮಯವನ್ನು ಮನೆಯವರೇ ದಾಟಬೇಕು. ಈ ತಯಾರಿ ಆ ಹೊತ್ತಿಗೆ. ಚಿನ್ನ ಹೋದರೆ ಮತ್ತೆ ಮಾಡಿಸಬಹುದು, ಜೀವ ಹಾಗಲ್ಲ.

ಮೊದಲು ಒಂದು ಕೋಣೆ ಗೊತ್ತುಮಾಡಿ

ಸದ್ದು ಕೇಳಿದಾಗ ಎಲ್ಲರೂ ಸೇರಿ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ ಯಾವುದು ಎಂದು ಇವತ್ತೇ ತೀರ್ಮಾನಿಸಿ. ಗಟ್ಟಿ ಮರದ ಬಾಗಿಲಿರಬೇಕು. ಮೊಬೈಲ್ ಸಿಗ್ನಲ್ ಸಿಗಬೇಕು. ಕಿಟಕಿ ರಸ್ತೆ ಕಡೆಗೋ ಪಕ್ಕದ ಮನೆ ಕಡೆಗೋ ಇದ್ದರೆ ಒಳ್ಳೆಯದು, ಕೂಗಿದರೆ ಯಾರಿಗಾದರೂ ಕೇಳುತ್ತದೆ. ಬಚ್ಚಲುಮನೆ ಬೇಡ. ಈಗಿನ ಬಚ್ಚಲುಮನೆಗಳಿಗೆ ಹಾಕುವುದು ಹೆಚ್ಚಾಗಿ ಪ್ಲಾಸ್ಟಿಕ್ ಬಾಗಿಲು, ಜೋರಾಗಿ ಒದ್ದರೆ ಮುರಿಯುತ್ತದೆ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರು ಮಲಗುವ ಕೋಣೆಯನ್ನೇ ಆರಿಸಿ. ಮಂಡಿ ನೋವಿರುವವರನ್ನು ಕತ್ತಲಲ್ಲಿ ಎಬ್ಬಿಸಿ ಓಡಿಸುವುದಕ್ಕಿಂತ ಉಳಿದವರು ಅವರ ಬಳಿಗೆ ಓಡುವುದು ಸುಲಭ. ಮಕ್ಕಳನ್ನು ಯಾರು ಎತ್ತಿಕೊಂಡು ಬರಬೇಕು ಎಂಬುದೂ ಮೊದಲೇ ಗೊತ್ತಿರಲಿ. ಇಲ್ಲದಿದ್ದರೆ ಅಮ್ಮ ತಂದಿರಬಹುದು ಎಂದು ಅಪ್ಪ, ಅಪ್ಪ ತಂದಿರಬಹುದು ಎಂದು ಅಮ್ಮ ಅಂದುಕೊಳ್ಳುವ ಅಪಾಯ ಇದೆ.

ಆ ಕೋಣೆಯ ಬಾಗಿಲಿಗೆ ಮೇಲೊಂದು ಕೆಳಗೊಂದು ಸ್ಟೀಲ್ ಚಿಲಕ ಹಾಕಿಸಿ. ಬಡಗಿಯವರಿಗೆ ಉದ್ದನೆಯ ಸ್ಕ್ರೂ ಬಳಸಲು ಹೇಳಿ. ಎಷ್ಟೋ ಮನೆಗಳಲ್ಲಿ ಚಿಲಕ ಗಟ್ಟಿಯಾಗೇ ಇರುತ್ತದೆ, ಅದನ್ನು ಹಿಡಿದಿರುವ ಸ್ಕ್ರೂ ಮಾತ್ರ ಅರ್ಧ ಇಂಚಿನದು. ಒದ್ದಾಗ ಕಿತ್ತು ಬರುವುದು ಅದೇ. ಮುಂಬಾಗಿಲು, ಹಿತ್ತಿಲ ಬಾಗಿಲಿಗೂ ಇದೇ ಮಾತು. ಟೆರೇಸಿನ ಬಾಗಿಲನ್ನಂತೂ ಮರೆಯಲೇಬೇಡಿ. ಬಟ್ಟೆ ಒಣಹಾಕಿ ಬಂದವರು ಅದನ್ನು ಸುಮ್ನೆ ಎಳೆದು ಬಂದಿರುತ್ತಾರೆ. ಹಳೇ ಮನೆಗಳಲ್ಲಿ ಗೋಡೆಯೊಳಗೆ ಸರಿಯುವ ಮರದ ಅಗಳಿ ಇದ್ದರೆ ತೆಗೆಸಬೇಡಿ. ಅದರಷ್ಟು ಬಲ ಈಗಿನ ಚಿಲಕಗಳಿಗೆ ಕಡಿಮೆ.

ಕೋಣೆಯೊಳಗೆ ಒಂದು ಟಾರ್ಚ್, ಮೊಬೈಲ್ ಚಾರ್ಜರ್, ಒಂದು ಸೀಟಿ, ನೀರಿನ ಬಾಟಲಿ, ಹಿರಿಯರ ಮಾತ್ರೆ ಇರಲಿ. ರಾತ್ರಿ ಒಂದು ಫೋನಾದರೂ ಅದೇ ಕೋಣೆಯಲ್ಲಿರಬೇಕು.

ಕೀ ಎಲ್ಲಿದೆ?

ರಾತ್ರಿ ಗ್ರಿಲ್‌ಗೆ ಒಳಗಿನಿಂದ ಬೀಗ ಹಾಕುವ ಮನೆಗಳು ಜಾಸ್ತಿ. ಬೆಂಕಿ ಬಿದ್ದರೂ ಕಳ್ಳರು ಬಂದರೂ ಹೊರಗೆ ಓಡಬೇಕಾದಾಗ ಕೀ ಹುಡುಕುತ್ತಾ ನಿಲ್ಲಬಾರದು. ಕೀಗೆ ಒಂದೇ ಜಾಗ ಇರಲಿ, ಅದು ಮಕ್ಕಳಿಗೂ ಗೊತ್ತಿರಲಿ. ಆದರೆ ಕಿಟಕಿಯ ಹತ್ತಿರ ಬೇಡ. ಬೇಸಿಗೆಯಲ್ಲಿ ಕಿಟಕಿ ತೆರೆದು ಮಲಗಿದಾಗ ಕೋಲು ತೂರಿಸಿ ಕೀ, ಮೊಬೈಲು, ಗೂಟಕ್ಕೆ ನೇತುಹಾಕಿದ ಪ್ಯಾಂಟು ಎಳೆದುಕೊಳ್ಳುವುದು ಕಳ್ಳರ ಹಳೇ ಚಾಳಿ.

ಇನ್ನೊಂದು ಮಾತು. ನಡುರಾತ್ರಿ ನಿಮ್ಮ ಮನೆಯ ಕರೆಂಟು ಮಾತ್ರ ಹೋಗಿ ಅಕ್ಕಪಕ್ಕದವರ ಮನೆಯಲ್ಲಿ ದೀಪ ಉರಿಯುತ್ತಿದ್ದರೆ ಬಾಗಿಲು ತೆರೆದು ಮೀಟರ್ ಬೋರ್ಡ್ ನೋಡಲು ಹೋಗಬೇಡಿ. ಹೊರಗಿನ ಸ್ವಿಚ್ ಆಫ್ ಮಾಡಿ ನಿಮ್ಮನ್ನು ಹೊರಗೆ ಬರುವಂತೆ ಮಾಡಿರಬಹುದು. ಕಿಟಕಿಯಿಂದ ನೋಡಿ, ಪಕ್ಕದ ಮನೆಗೆ ಫೋನ್ ಮಾಡಿ. ಅನುಮಾನ ಉಳಿದರೆ ಬೆಳಗಿನವರೆಗೆ ಟಾರ್ಚ್ ಸಾಕು.

112ಕ್ಕೆ ಹೇಳುವುದನ್ನು ಅಭ್ಯಾಸ ಮಾಡಿ

ತುರ್ತು ಸಂಖ್ಯೆ 112 ಮನೆಯ ಎಲ್ಲರಿಗೂ, ಶಾಲೆಗೆ ಹೋಗುವ ಮಕ್ಕಳಿಗೂ ಬಾಯಿಪಾಠ ಇರಲಿ. ಫೋನ್ ಹಚ್ಚಿದ ಕೂಡಲೇ ಮೊದಲು ವಿಳಾಸ, ಆಮೇಲೆ ವಿಷಯ. ಯಾಕೆಂದರೆ ಮಾತು ಅರ್ಧಕ್ಕೇ ನಿಂತರೂ ಎಲ್ಲಿಗೆ ಬರಬೇಕು ಎಂಬುದು ಅವರಿಗೆ ತಿಳಿದಿರುತ್ತದೆ. ಬೆಂಗಳೂರಿನಲ್ಲಿ 4ನೇ ಮೇನ್, 7ನೇ ಕ್ರಾಸ್ ಎಂದರೆ ಸಾಲದು. ಅಂಥ ಕ್ರಾಸುಗಳು ಊರ ತುಂಬಾ ಇವೆ. ಬಡಾವಣೆ, ಬ್ಲಾಕ್ ಅಥವಾ ಸ್ಟೇಜ್, ಹತ್ತಿರದ ದೇವಸ್ಥಾನವೋ ಶಾಲೆಯೋ ಹೇಳಬೇಕು. ಗಾಬರಿಯಲ್ಲಿ ನಾಲಿಗೆ ತಡವರಿಸುತ್ತದೆ, ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದು ಆ ಕೋಣೆಯ ಗೋಡೆಗೆ ಅಂಟಿಸಿ. ಮಾತಾಡಲು ಆಗದಿದ್ದರೆ ಕರೆ ಕಟ್ ಮಾಡದೆ ಫೋನ್ ಹಾಗೇ ಇಡಿ.

ಮಲೆನಾಡಿನ, ಕೊಡಗಿನ ತೋಟದ ಮನೆಗಳ ಕಷ್ಟ ಬೇರೆ. ಪಕ್ಕದ ಮನೆ ಎಷ್ಟೋ ದೂರ. ಮಳೆಗಾಲದಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆಗೆ ಬಾಗಿಲು ಮೀಟುವ ಸದ್ದೂ ಕೇಳುವುದಿಲ್ಲ, ಕೂಗಿದರೂ ಪ್ರಯೋಜನವಿಲ್ಲ. ಅಂಥಲ್ಲಿ ಬ್ಯಾಟರಿಯ ಸೈರನ್ ಒಂದನ್ನು ಹೊರಗೋಡೆಗೆ ಹಾಕಿಸಿ, ಅದರ ಸ್ವಿಚ್ ಮಲಗುವ ಕೋಣೆಯಲ್ಲಿರಲಿ. ಸದ್ದಾದರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂದು ಸುತ್ತಲಿನ ಮನೆಯವರೊಂದಿಗೆ ಮಾತಾಡಿಟ್ಟುಕೊಳ್ಳಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112 ಪ್ರಯತ್ನಿಸಿ. ಬೇರೆ ಕಂಪನಿಯ ಸಿಗ್ನಲ್ ಇದ್ದರೆ ತುರ್ತು ಕರೆ ಅದರ ಮೂಲಕವೂ ಹೋಗಬಲ್ಲದು.

ಎದುರಾಎದುರು ಸಿಕ್ಕಿಬಿಟ್ಟರೆ

ಕೋಣೆ ಸೇರಲು ಆಗದಿದ್ದರೆ, ಕಳ್ಳ ಕಣ್ಣೆದುರೇ ನಿಂತಿದ್ದರೆ, ಕೇಳಿದ್ದನ್ನು ಕೊಟ್ಟುಬಿಡಿ. ಅವನು ಹೊರಗೆ ಓಡುವ ದಾರಿಗೆ ಅಡ್ಡ ನಿಲ್ಲಬೇಡಿ. ಮುಖಕ್ಕೆ ಕಟ್ಟಿದ ಬಟ್ಟೆ ಎಳೆಯುವುದು, ‘ನಿನ್ನ ಗುರುತು ಸಿಕ್ಕಿತು’ ಎನ್ನುವುದು ಖಂಡಿತ ಬೇಡ. ಮನೆಯಲ್ಲಿ ಬಿಸಿರಕ್ತದ ಹುಡುಗರಿದ್ದರೆ ಅವರನ್ನು ಕೂರಿಸಿಕೊಂಡು ಇದನ್ನು ಹೇಳಿ. ಕತ್ತಿ ದೊಣ್ಣೆ ಹಿಡಿದು ಮೆಟ್ಟಿಲಿಳಿಯುವವರು ಎದುರಿಗೆ ಎಷ್ಟು ಜನ ಇದ್ದಾರೆ ಎಂದು ತಿಳಿಯದೆ ಇಳಿಯುತ್ತಾರೆ. ಜೀವಕ್ಕೇ ಅಪಾಯ ಬಂದಾಗ ತಡೆದು ಹೊಡೆಯುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ ಕೊಟ್ಟಿದೆ. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ.

ಬೆಲೆಬಾಳುವ ಒಡವೆ ಬ್ಯಾಂಕ್ ಲಾಕರ್‌ನಲ್ಲಿದ್ದರೆ ‘ಕೊಟ್ಟುಬಿಡುವ’ ಮನಸ್ಸು ಮಾಡುವುದೂ ಸುಲಭ. ಮನೆಯಲ್ಲಿರುವ ಒಡವೆಗಳ ಫೋಟೊ, ಬಿಲ್ಲು, ಫೋನ್‌ಗಳ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, *#06# ಒತ್ತಿದರೆ ಕಾಣುತ್ತದೆ) ಬರೆದು ಊರಲ್ಲಿರುವ ಅಕ್ಕನಿಗೋ ತಮ್ಮನಿಗೋ ಕಳಿಸಿಡಿ.

ಅವರು ಹೋದ ಮೇಲೆ

ಹಿಂದೆ ಓಡಬೇಡಿ. ಯಾರಿಗಾದರೂ ಗಾಯವಾಗಿದೆಯೇ ನೋಡಿ, 112ಕ್ಕೆ ಮತ್ತೆ ಹೇಳಿ. ಬೀರು, ಬಾಗಿಲು, ಚೆಲ್ಲಾಡಿದ ಬಟ್ಟೆ ಯಾವುದನ್ನೂ ಮುಟ್ಟಬೇಡಿ, ಬೆರಳಚ್ಚು ತಜ್ಞರು ಮತ್ತು ಶ್ವಾನದಳಕ್ಕೆ ಅದು ಬೇಕು. ನೋಡಲು ಬರುವ ನೆಂಟರು, ನೆರೆಯವರನ್ನು ಅಂಗಳದಲ್ಲೇ ನಿಲ್ಲಿಸಿ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗುತ್ತದೆ. ಕೀ ಕಳೆದಿದ್ದರೆ ಅಂದೇ ಬೀಗ ಬದಲಿಸಿ. ಮಕ್ಕಳು, ಹಿರಿಯರು ಕೆಲವು ರಾತ್ರಿ ನಿದ್ದೆ ಮಾಡಲಿಕ್ಕಿಲ್ಲ. ಅಷ್ಟು ದಿನ ಎಲ್ಲರೂ ಒಂದೇ ಕೋಣೆಯಲ್ಲಿ ಹಾಸಿಕೊಂಡು ಮಲಗಿ, ದೀಪ ಉರಿಯುತ್ತಲೇ ಇರಲಿ.